ಬಚ್ಚಲುಮನೆಯ ದುರಸ್ತಿ: ಖರ್ಚಿನ ಪಟ್ಟಿ ನೆಲದ ಕೆಳಗಿನಿಂದ ಮೊದಲಾಗಲಿ

1824ರ ಯುದ್ಧ ಕಂಡ ಕಿತ್ತೂರಿನ ಕೋಟೆಗೆ ಹೋದವರು, ಅರಮನೆಯ ಅವಶೇಷಗಳಲ್ಲಿ ಸ್ನಾನದ ತೊಟ್ಟಿಗಳನ್ನೂ ನೀರಿನ ಕೊಳವೆಗಳನ್ನೂ ನೋಡಿರುತ್ತಾರೆ. ಮಾಡು ಹೋಗಿ ಗೋಡೆಗಳು ಕರಗಿದ್ದರೂ ನೀರಿನ ದಾರಿ ಉಳಿದಿದೆ. ನಾವಾದರೋ ಬಚ್ಚಲಿಗೆ ಹಣ ಹಾಕುವಾಗ ಕಣ್ಣಿಗೆ ಕಾಣುವ ಗೋಡೆಗೇ ಮೊದಲು ಹಾಕುತ್ತೇವೆ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಆದದ್ದೂ ಅದೇ. ಪಾಚಿಗಟ್ಟಿದ ಶಹಾಬಾದ ಫರಸಿಯ ಮೇಲೆ ಅತ್ತೆಯವರು ಜಾರಿ ಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದರು. ಸುಗ್ಗಿಯ ಹಣ ಕೈಸೇರಿದೊಡನೆ ನುಣುಪಾದ ಬಿಳಿ ಟೈಲ್ಸ್ ಹಾಕಿಸಿದೆವು. ಆರು ತಿಂಗಳೊಳಗೆ ಪಕ್ಕದ ದೇವರ ಕೋಣೆಯ ಮಣ್ಣಿನ ಗೋಡೆ ತೇವ ಹಿಡಿಯಿತು. ಅತ್ತೆಯವರಂತೂ ಆ ನೆಲಕ್ಕೆ ಹೆದರಿ, ಹಿತ್ತಲಲ್ಲಿ ಸೀರೆಯ ಮರೆ ಕಟ್ಟಿಸಿಕೊಂಡು ಮೈ ತೊಳೆಯತೊಡಗಿದರು. ಎರಡನೆಯ ಸಲ ಒಡೆಸಿ ಕಟ್ಟಿಸುವಾಗ ಕಲಿತದ್ದನ್ನು ಸಹೋದರಿಯರಿಗಾಗಿ ಬರೆಯುತ್ತಿದ್ದೇನೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು. ಅದರೊಡನೆ ನೆಲ ಅಲುಗಿ ಕೊಳವೆಯ ಕೂಡುಗಳು ಬಿಟ್ಟುಕೊಳ್ಳುತ್ತವೆ. ಆದುದರಿಂದ ಕೊಳವೆಯ ಸುತ್ತಲಿನ ಎರೆಯನ್ನು ತೆಗೆಸಿ, ಗರಸು ತುಂಬಿಸಿ ಬಡಿಸುವ ಕೂಲಿ ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ನೀರು ಹೊರಬೀಳುವ ಬಾಯಿ ಓಣಿಯ ಚರಂಡಿಗಿಂತ ಎತ್ತರದಲ್ಲಿರಬೇಕು. 2019ರ ಮಲಪ್ರಭೆಯ ನೆರೆ ಕಂಡ ರಾಮದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ಇಳಿಜಾರು ಏಳು ಅಡಿಗೆ ಒಂದು ಇಂಚಾದರೂ ಇರಲಿ. ನೀರುನಿರೋಧಕ ಲೇಪ ಒಣಗಿದ ಮೇಲೆ ಬಾಯಿ ಮುಚ್ಚಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಕೂಡಿಸಗೊಡಬಾರದು. ಗವಂಡಿಯವರು ಅವಸರ ಮಾಡುತ್ತಾರೆ, ಮಾಡಲಿ.

ಟೈಲ್ಸಿನ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲೇ ಮಾಡಿಕೊಳ್ಳಬೇಕು. 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲಿಗೆ ನೆಲ 35 ಚದರ ಅಡಿ. ಗೋಡೆಗೆ 7 ಅಡಿ ಎತ್ತರ ಹಚ್ಚಿದರೆ, ಬಾಗಿಲು ಕಳೆದು ಸುಮಾರು 150. ಸ್ನಾನದ ಮೂಲೆಯೊಂದನ್ನು ಬಿಟ್ಟು ಉಳಿದೆಡೆ 4 ಅಡಿಗೇ ನಿಲ್ಲಿಸಿದರೆ 40 ಚದರ ಅಡಿಗೂ ಮಿಕ್ಕಿ ಉಳಿತಾಯವಾಗುತ್ತದೆ. ನಾವು ಆ ಹಣದಲ್ಲಿ ನೆಲಕ್ಕೆ ತರಿತರಿಯಾದ ಟೈಲ್ಸನ್ನೂ ಗೋಡೆಗೆ ಉಕ್ಕಿನ ಹಿಡಿಕಂಬಿಯನ್ನೂ ತಂದೆವು. ತುಂಡಾಗುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ಕೊಳ್ಳಬೇಕು. ತೆರಿಗೆ, ಗಾಡಿಬಾಡಿಗೆ, ರಾಡಿ ಸಾಗಿಸುವ ಕೂಲಿ ಇವುಗಳನ್ನು ಬಹುಮಂದಿ ಮರೆಯುತ್ತಾರೆ. ಹಳೆಯ ಗೋಡೆ ಒಡೆದಾಗ ಏನು ಹೊರಬೀಳುವುದೋ ಹೇಳಬರುವುದಿಲ್ಲವಾದ್ದರಿಂದ, ಒಟ್ಟು ಮೊತ್ತದಲ್ಲಿ ನೂರಕ್ಕೆ ಹದಿನೈದನ್ನು ಬೇರೆಯೇ ಕಟ್ಟಿಡುವುದು ಲೇಸು. ನಮ್ಮಲ್ಲಿ ಅದಷ್ಟೂ ಖರ್ಚಾಯಿತು.

ಅತ್ತೆಯವರು ಈಗ ಕಂಬಿ ಹಿಡಿದು ತಾವೇ ಸ್ನಾನ ಮಾಡಿ ಪೂಜೆಗೆ ಕೂಡುತ್ತಾರೆ. ಬಾಗಿಲ ಅಗಳಿಯನ್ನು ಮಾತ್ರ ಹೊರಗಿನಿಂದಲೂ ತೆರೆಯಬರುವಂತೆ ಮಾಡಿಸಿದ್ದೇವೆ. ಅದನ್ನು ಅವರಿಗೆ ಹೇಳಿಲ್ಲ.