ಟೋಕಿಯೊ ಕೊಲ್ಲಿಯ ಶರಣಾಗತಿ ಪತ್ರ

1945ರ ಸೆಪ್ಟೆಂಬರ್ 2ರ ಬೆಳಗ್ಗೆ, ಟೋಕಿಯೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಅಮೆರಿಕದ ಯುದ್ಧನೌಕೆ ‘ಮಿಸ್ಸೌರಿ’ಯ ಮೇಲೆ ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿತು. ಎರಡನೇ ಮಹಾಯುದ್ಧ ವಿಧಿವತ್ತಾಗಿ ಮುಗಿದದ್ದು ಆಗ.

ಸೋಲೊಪ್ಪುವ ತೀರ್ಮಾನ ಆಗಸ್ಟಿನಲ್ಲೇ ಆಗಿತ್ತು. 6ರಂದು ಹಿರೋಶಿಮಾ, 9ರಂದು ನಾಗಸಾಕಿ ಅಣುಬಾಂಬಿಗೆ ಬಲಿಯಾದವು. ಸೋವಿಯತ್ ಒಕ್ಕೂಟವೂ ಯುದ್ಧ ಸಾರಿತು. ಅಷ್ಟಾದರೂ ಮಂತ್ರಿಗಳಲ್ಲಿ ಒಮ್ಮತ ಮೂಡದೆ, ಚಕ್ರವರ್ತಿ ಹಿರೊಹಿಟೊ ಅವರೇ ಕೊನೆಯ ಮಾತು ಹೇಳಬೇಕಾಯಿತು. 14ರ ರಾತ್ರಿ ಅವರ ಭಾಷಣದ ಧ್ವನಿಮುದ್ರಣವಾಯಿತು. ಪ್ರಸಾರ ತಡೆಯಲೆಂದು ಕೆಲವು ಸೇನಾಧಿಕಾರಿಗಳು ಅರಮನೆಗೆ ನುಗ್ಗಿ ಆ ಮುದ್ರಿಕೆಗಾಗಿ ತಡಕಾಡಿದರು. ಅದು ಸಿಗಲಿಲ್ಲ. ಮರುದಿನ ಮಧ್ಯಾಹ್ನ ಜನಸಾಮಾನ್ಯರು ಮೊದಲ ಬಾರಿಗೆ ರೇಡಿಯೊದಲ್ಲಿ ಚಕ್ರವರ್ತಿಯ ದನಿ ಕೇಳಿದರು. ಆ ಭಾಷಣದಲ್ಲಿ ‘ಶರಣಾಗತಿ’ ಎಂಬ ಪದವೇ ಇರಲಿಲ್ಲ. ಆಸ್ಥಾನದ ಹಳೆಯ ಭಾಷೆ ಬಹಳ ಮಂದಿಗೆ ತಿಳಿಯಲೂ ಇಲ್ಲ.

ಇಂಥ ಮಾತನ್ನು ಯಾರು ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಸಹಿ ಬಿದ್ದ ಕಾಗದಕ್ಕೆ ಆ ಅವಕಾಶವಿಲ್ಲ. ಸರ್ಕಾರ ಒಪ್ಪಿದರೂ ಸೇನೆ ಒಪ್ಪದಿದ್ದರೆ ದೂರದ ದ್ವೀಪಗಳಲ್ಲಿ ಸಾವು ನಿಲ್ಲುತ್ತಿರಲಿಲ್ಲ. ಅದಕ್ಕೇ ಜಪಾನಿನ ಪರವಾಗಿ ಇಬ್ಬರು ಸಹಿ ಮಾಡಿದರು: ಚಕ್ರವರ್ತಿ ಮತ್ತು ಸರ್ಕಾರದ ಪರ ವಿದೇಶಾಂಗ ಸಚಿವ ಮಮೊರು ಶಿಗೆಮಿತ್ಸು, ಸೇನೆಯ ಪರ ಜನರಲ್ ಯೊಶಿಜಿರೊ ಉಮೆಜು. 1932ರಲ್ಲಿ ಶಾಂಘೈಯಲ್ಲಿ ಬಾಂಬ್ ಸಿಡಿದು ಒಂದು ಕಾಲು ಕಳೆದುಕೊಂಡಿದ್ದ ಶಿಗೆಮಿತ್ಸು, ಕೃತಕ ಕಾಲಿನಲ್ಲಿ ಊರುಗೋಲಿನ ಆಸರೆಯಿಂದ ನೌಕೆಯನ್ನು ಹತ್ತಿ ಬಂದರು. ಸಹಿಯ ಮೇಜು ನಾವಿಕರು ಊಟಕ್ಕೆ ಬಳಸುತ್ತಿದ್ದುದು. ಮೇಲೆ ಹಸಿರು ಬಟ್ಟೆ ಹಾಸಿತ್ತು.

ಆಮೇಲೆ ಮಿತ್ರರಾಷ್ಟ್ರಗಳ ಪರ ಜನರಲ್ ಡಗ್ಲಾಸ್ ಮೆಕಾರ್ಥರ್, ಅವರ ಬಳಿಕ ಒಂಬತ್ತು ದೇಶಗಳ ಪ್ರತಿನಿಧಿಗಳು ಸಹಿ ಹಾಕಿದರು. ಮೆಕಾರ್ಥರ್ ಬೆನ್ನಿಗೆ ನಿಂತಿದ್ದವರು ಸೇನಾನಿಗಳಾದ ವೇನ್‌ರೈಟ್ ಮತ್ತು ಪರ್ಸಿವಲ್. ಒಬ್ಬರು ಫಿಲಿಪೀನ್ಸಿನಲ್ಲಿ, ಇನ್ನೊಬ್ಬರು ಸಿಂಗಪುರದಲ್ಲಿ 1942ರಲ್ಲಿ ಇದೇ ಜಪಾನಿಗೆ ಶರಣಾಗಿದ್ದವರು. ಮೂರು ವರ್ಷದ ಸೆರೆವಾಸದಿಂದ ಬಡಕಲಾಗಿದ್ದರು. ಜಪಾನಿಗೆ ಕೊಡಬೇಕಾದ ಪ್ರತಿಯಲ್ಲಿ ಕೆನಡಾದ ಪ್ರತಿನಿಧಿ ಒಂದು ಸಾಲು ಕೆಳಗೆ ಸಹಿ ಹಾಕಿದ್ದರಿಂದ ಮುಂದಿನವರ ಸಾಲುಗಳೆಲ್ಲ ತಪ್ಪಿದವು. ದೇಶಗಳ ಹೆಸರನ್ನು ಹೊಡೆದುಹಾಕಿ ಕೈಬರಹದಲ್ಲಿ ತಿದ್ದಿಕೊಟ್ಟರು. ಇಡೀ ಕಾರ್ಯಕ್ರಮಕ್ಕೆ ಹಿಡಿದದ್ದು 23 ನಿಮಿಷ.

ಪತ್ರದ ಷರತ್ತುಗಳು ನೇರವಾಗಿದ್ದವು: ಜಪಾನಿನ ಎಲ್ಲ ಪಡೆಗಳೂ ಬೇಷರತ್ತಾಗಿ ಶರಣಾಗಬೇಕು, ಕೈದಿಗಳನ್ನು ಬಿಡಬೇಕು, ಹಡಗು ವಿಮಾನಗಳನ್ನು ಹಾಳುಗೆಡವಬಾರದು. ಎಲ್ಲಕ್ಕಿಂತ ಭಾರವಾದದ್ದು ಕೊನೆಯ ಷರತ್ತು. ಚಕ್ರವರ್ತಿಯ ಅಧಿಕಾರವೂ ಮಿತ್ರರಾಷ್ಟ್ರಗಳ ಮಹಾದಂಡನಾಯಕನಿಗೆ ಅಧೀನವಾಯಿತು.

ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಆಗ್ನೇಯ ಏಷ್ಯಾದ ಜಪಾನಿ ಪಡೆಗಳು ಆ ಭಾಗದ ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್‌ಗೆ ಶರಣಾದವು. ಅಲ್ಲಿ ಭಾರತದ ಪರ ಹಾಜರಿದ್ದವರು ಕೊಡಗಿನ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಶರಣಾಗತಿಯಿಂದ ಕಾದಾಟ ನಿಂತಿತೇ ಹೊರತು ಶಾಂತಿ ಒಪ್ಪಂದವಾಗಿರಲಿಲ್ಲ. ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಹಿಯಾದದ್ದು 1951ರಲ್ಲಿ. ಆ ಸಮ್ಮೇಳನಕ್ಕೆ ಹೋಗದ ಭಾರತ, 1952ರ ಜೂನ್ 9ರಂದು ಜಪಾನಿನೊಂದಿಗೆ ಬೇರೆಯಾಗಿಯೇ ಒಪ್ಪಂದ ಮಾಡಿಕೊಂಡಿತು.