ಎದೆ ಬಡಿಯುತ್ತಿರುವಾಗಲೇ ಸಾವು

ಬೈಕು ಉರುಳಿ ತಲೆಗೆ ಪೆಟ್ಟು ಬಿದ್ದರೆ ಕಾರ್ಕಳದವರು ಓಡುವುದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ. ಕಾಪುವಿನ ಹೆದ್ದಾರಿಯಿಂದಲೂ, ಹೆಬ್ರಿಯ ತಿರುವುಗಳಿಂದಲೂ ಆಂಬುಲೆನ್ಸು ಬರುವುದು ಅಲ್ಲಿಗೇ. ಗುಣವಾಗಿ ಮನೆಗೆ ಮರಳಿದವರು ಎಷ್ಟೋ ಮಂದಿ. ಆದರೆ ಕೆಲವರ ಮನೆಯವರನ್ನು ವೈದ್ಯರು ಐಸಿಯು ಹೊರಗೆ ಕೂರಿಸಿಕೊಂಡು ‘ಮಿದುಳು ಸತ್ತಿದೆ’ ಎಂದು ಹೇಳಬೇಕಾಗುತ್ತದೆ.

ಒಳಗೆ ಮಾನಿಟರಿನಲ್ಲಿ ಹೃದಯದ ಗೆರೆ ಏರಿಳಿಯುತ್ತಿರುತ್ತದೆ. ಮುಟ್ಟಿದರೆ ಮೈ ಬಿಸಿ. ‘ಮತ್ತೆ ಸತ್ತದ್ದು ಹೇಗೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೇ.

ಬಡಿಯಲು ಹೃದಯಕ್ಕೆ ಮಿದುಳಿನ ಅಪ್ಪಣೆ ಬೇಡ. ಅದರ ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಜೀವಕೋಶಗಳ ಪುಟ್ಟ ಗುಂಪೊಂದು ತಾನೇ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಆಮ್ಲಜನಕ ಸಿಗುತ್ತಿದ್ದರೆ ಸಾಕು. ಉಸಿರಾಟ ಹಾಗಲ್ಲ. ಅದಕ್ಕೆ ಆಜ್ಞೆ ಬರುವುದು ಮಿದುಳಿನ ಕಾಂಡದಿಂದ. ಕಾಂಡ ಸತ್ತರೆ ಉಸಿರು ನಿಲ್ಲುತ್ತದೆ, ಬೆನ್ನಿಗೇ ಹೃದಯವೂ ನಿಲ್ಲಬೇಕು. ವೆಂಟಿಲೇಟರ್ ನಡುವೆ ಬಂದು ಗಾಳಿ ತುಂಬುತ್ತಿರುವುದರಿಂದ ಹೃದಯ ಕೆಲವು ಕಾಲ ಉಳಿದುಕೊಳ್ಳುತ್ತದೆ. ಕೋಮಾದ ಕತೆ ಬೇರೆ. ಅಲ್ಲಿ ಕಾಂಡಕ್ಕೆ ಜೀವವಿದೆ, ರೋಗಿ ಎದ್ದು ಕೂರಲೂಬಹುದು.

ಈ ವ್ಯತ್ಯಾಸವನ್ನು ವೈದ್ಯರು ಊಹಿಸುವುದಿಲ್ಲ, ಪರೀಕ್ಷಿಸಿ ನೋಡುತ್ತಾರೆ. ಕಾಂಡ ಸತ್ತಿದ್ದರೆ ಕಣ್ಣಿಗೆ ಟಾರ್ಚ್ ಬಿಟ್ಟರೂ ಪಾಪೆ ಕುಗ್ಗುವುದಿಲ್ಲ. ಕಿವಿಗೆ ತಣ್ಣೀರು ಬಿಟ್ಟರೂ ಕಣ್ಣುಗುಡ್ಡೆ ಹೊರಳುವುದಿಲ್ಲ. ಕೊನೆಯದು ಉಸಿರಿನ ಪರೀಕ್ಷೆ. ಮೊದಲು ಸಾಕಷ್ಟು ಆಮ್ಲಜನಕ ತುಂಬಿ, ವೆಂಟಿಲೇಟರ್ ಕಳಚಿ, ಎದೆಯನ್ನೇ ನೋಡುತ್ತ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬದುಕಿರುವ ಕಾಂಡಕ್ಕೆ ಇದಕ್ಕಿಂತ ಬಲವಾದ ಪ್ರಚೋದನೆ ಇಲ್ಲ. ಉಸಿರು ಬಿಗಿಹಿಡಿದವರು ಕೊನೆಗೆ ಗಾಳಿಗಾಗಿ ಬಾಯಿ ತೆರೆಯುವುದು ಇದರಿಂದಲೇ. ಇಂಗಾಲದ ಡೈಆಕ್ಸೈಡಿನ ಒತ್ತಡ 60 ಮಿಲಿಮೀಟರ್ ಪಾದರಸ ದಾಟಿದರೂ ಎದೆ ಒಮ್ಮೆಯೂ ಏಳದಿದ್ದರೆ ಕಾಂಡ ಸತ್ತಿದೆಯೆಂದೇ ಅರ್ಥ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರು ಸಹಿ ಹಾಕಬೇಕು, ಕನಿಷ್ಠ 6 ಗಂಟೆ ಬಿಟ್ಟು ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಬೇಕು. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ‘ಅಂಗಕ್ಕಾಗಿ ಬೇಗ ಸಾಯಿಸಿದರು’ ಎಂಬ ಗುಸುಗುಸುಗೆ ನಮ್ಮಲ್ಲಿ ಬರವಿಲ್ಲವಾದ್ದರಿಂದ ಇದನ್ನು ಹೇಳಿದೆ.

ಅಂಗದಾನಕ್ಕೆ ಮನೆಯವರು ಒಪ್ಪಿದರೆ ಅಲ್ಲಿಂದ ಗಡಿಯಾರದ ಜತೆ ಓಟ. ಯಾವ ಅಂಗ ಯಾರಿಗೆ ಎಂಬುದನ್ನು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆ ಕಾಯುವವರ ಪಟ್ಟಿ ನೋಡಿ ನಿಶ್ಚಯಿಸುತ್ತದೆ. ಹೊರತೆಗೆದ ಹೃದಯ ತಂಪಿನಲ್ಲಿ ತಾಳುವುದು 4ರಿಂದ 6 ಗಂಟೆ, ಮೂತ್ರಪಿಂಡ ಒಂದು ದಿನ. ರಸ್ತೆ ತೆರವು ಮಾಡಿ ಆಂಬುಲೆನ್ಸ್ ಬಿಡುವುದು ಅದಕ್ಕೇ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ಮಿದುಳು ಸತ್ತಾಗ ಅವರ ಮನೆಯವರು ಹೂಂ ಎಂದಿದ್ದರು.

ಈ ಹೂಂ ಬಲು ದೊಡ್ಡದು. ದಾನಿಯ ಕಾರ್ಡ್ ಮಾಡಿಸಿ ಕಪಾಟಿನಲ್ಲಿಟ್ಟರೆ ಏನೂ ಆಗದು. ಆ ಹೊತ್ತಿಗೆ ವೈದ್ಯರು ಕೇಳುವುದು ಮನೆಯವರನ್ನೇ. ಕಾಯ್ದೆಯ ‘ಹತ್ತಿರದ ಸಂಬಂಧಿ’ಗಳ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಇದ್ದಾರೆ. ಸೋದರಮಾವ ಇಲ್ಲ! ಅಳಿಯಸಂತಾನದ ನಾಡಿನಲ್ಲಿ ‘ಮಾವ ಬರಲಿ’ ಎನ್ನದೆ ಯಾವ ತೀರ್ಮಾನ ಆದೀತು? ಆದ್ದರಿಂದ ದಾನಿಯಾಗಬೇಕೆಂದಿರುವವರು ಹೆಂಡತಿ ಮಕ್ಕಳಿಗೆ ಹೇಳುವಾಗ ಮಾವನ ಕಿವಿಗೂ ಹಾಕಿಡುವುದು ಒಳ್ಳೆಯದು.

ಮನೆಯಲ್ಲೇ ತೀರಿಕೊಂಡರೆ ಹೃದಯ, ಯಕೃತ್ತು ಕೊಡಲಾಗದು. ಕಣ್ಣು ಕೊಡಬಹುದು. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ರಕ್ತದ ಗುಂಪು ಹೊಂದಬೇಕೆಂದಿಲ್ಲ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಿದರು. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ತೆಗೆಸಿದ್ದು ಯಾವುದೂ ಅಡ್ಡಿಯಲ್ಲ. ಉಸಿರು ನಿಂತ 6 ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಷ್ಟರವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟಿರಬೇಕು.