ವರದಿ ಬರುವ ತನಕ

ಕಳೆದ ವರ್ಷ ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆ ಮುಗಿದ ಬಳಿಕ, ನಮ್ಮ ಧರ್ಮಕೇಂದ್ರದ ನಿವೃತ್ತ ಉಪಾಧ್ಯಾಯರೊಬ್ಬರು ಆಶೀರ್ವದಿಸಿದ ಹೊಸ ತೆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಬಳಿಗೆ ಬಂದರು. ಹಬ್ಬಕ್ಕೆಂದು ಮಕ್ಕಳು, ಮೊಮ್ಮಕ್ಕಳು ಊರಿಗೆ ಬಂದಿದ್ದರು. ಮನೆಯಲ್ಲಿ ಹೊಸ ಅಕ್ಕಿಯ ಊಟ ಕಾದಿತ್ತು. "ಫಾದರ್, ಒಂದು ಮಾತು ಹೇಳುವುದಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ" ಎಂದು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದರು. ಅದು ಆಗಸ್ಟ್ 10ರ ರಕ್ತಪರೀಕ್ಷೆಯ ವರದಿ. ಪಿ.ಎಸ್.ಎ. ಎಂಬ ಮೂರು ಅಕ್ಷರಗಳ ಎದುರಿಗೆ 8.2 ಎಂಬ ಅಂಕಿಯಿತ್ತು. 29 ದಿನಗಳಿಂದ ಆ ಕಾಗದ ಅವರ ಜೇಬಿನಲ್ಲಿಯೇ ಇತ್ತು.

"ಏನೂ ಆಗುವುದಿಲ್ಲ ಮೇಷ್ಟ್ರೇ. ದೇವರಿದ್ದಾರೆ" ಎಂದೆವು ನಾವು.

ಅವರು ಮೆಲ್ಲಗೆ ಹೇಳಿದರು: "ದೇವರಿದ್ದಾರೆಂಬುದು ನನಗೂ ಗೊತ್ತು ಫಾದರ್. ಏನೂ ಆಗುವುದಿಲ್ಲವೆಂಬುದು ನಿಮಗೆ ಹೇಗೆ ಗೊತ್ತಾಯಿತು?"

ಸೆಮಿನರಿಯಲ್ಲಿ ವರ್ಷಗಟ್ಟಲೆ ತರ್ಕಶಾಸ್ತ್ರವನ್ನು ಓದಿದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅವರ ಅಂತಿಮ ವರದಿ ಕೈಸೇರಿದ್ದು ನವೆಂಬರ್ 22ರಂದು. ಮೊದಲ ರಕ್ತಪರೀಕ್ಷೆಯಿಂದ ಲೆಕ್ಕ ಹಾಕಿದರೆ 104 ದಿನ. ಆ ದಿನಗಳಲ್ಲಿ ಅವರೊಡನೆ ನಡೆದು ನಾವು ಕಲಿತುಕೊಂಡ ಕೆಲವು ಸಂಗತಿಗಳನ್ನು, ಅವರ ಒಪ್ಪಿಗೆ ಪಡೆದೇ, ಇಲ್ಲಿ ಬರೆಯುತ್ತಿದ್ದೇವೆ. ಐವತ್ತು ದಾಟಿದ ಗಂಡಸರಿರುವ ಯಾವ ಮನೆಗೂ ಇದು ದೂರದ ವಿಷಯವಲ್ಲ.

ಅಂಕಿಯೊಂದೇ ತೀರ್ಪಲ್ಲ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ವಯಸ್ಸಾದಂತೆ ಬಹುಪಾಲು ಗಂಡಸರಲ್ಲಿ ಅದು ಹಿಗ್ಗುತ್ತದೆ. ರಾತ್ರಿ ಪದೇ ಪದೇ ಏಳಬೇಕಾಗುವುದು, ಮೂತ್ರದ ಧಾರೆ ಕ್ಷೀಣಿಸುವುದು ಸಾಮಾನ್ಯವಾಗಿ ಈ ಹಿಗ್ಗುವಿಕೆಯ ಲಕ್ಷಣಗಳು. ಅದು ಕ್ಯಾನ್ಸರ್ ಅಲ್ಲ. ಪಿ.ಎಸ್.ಎ. ಎಂಬುದು ಈ ಗ್ರಂಥಿಯಲ್ಲಿ ಹುಟ್ಟಿ ಸ್ವಲ್ಪಾಂಶ ರಕ್ತಕ್ಕೆ ಸೇರುವ ಒಂದು ಪ್ರೋಟೀನು. ಒಂದು ಮಿಲಿಲೀಟರ್ ರಕ್ತದಲ್ಲಿ ಅದು 4 ನ್ಯಾನೋಗ್ರಾಮಿಗಿಂತ ಹೆಚ್ಚಿದ್ದರೆ ಮುಂದಿನ ವಿಚಾರಣೆ ಅಗತ್ಯವೆಂಬುದು ಬಹುಕಾಲದಿಂದ ಬಂದಿರುವ ರೂಢಿ.

ಆದರೆ ಕ್ಯಾನ್ಸರ್ ಒಂದೇ ಆ ಅಂಕಿಯನ್ನು ಏರಿಸುವುದಿಲ್ಲ. ಗ್ರಂಥಿ ಹಿಗ್ಗಿದರೂ, ಮೂತ್ರದ ಸೋಂಕು ತಗಲಿದರೂ, ಮೂತ್ರ ಹೊರಡಲೆಂದು ನಳಿಕೆ ಹಾಕಿದ್ದರೂ ಅದು ಏರುತ್ತದೆ. 4ರಿಂದ 10ರೊಳಗೆ ಅಂಕಿಯಿರುವ ಗಂಡಸರಲ್ಲಿ ಕ್ಯಾನ್ಸರ್ ಕಂಡುಬರುವುದು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ಮತ್ತೊಂದೆಡೆ, ಅಂಕಿ 4ಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೇ ಇಲ್ಲವೆಂದೂ ಹೇಳುವಂತಿಲ್ಲ. ಗ್ರಂಥಿಯ ಹಿಗ್ಗುವಿಕೆಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎಂಬ ಮಾತ್ರೆಗಳು ಕೆಲವು ತಿಂಗಳಲ್ಲಿ ಈ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅವನ್ನು ಸೇವಿಸುವವರು ವೈದ್ಯರಿಗೆ ತಪ್ಪದೆ ಹೇಳಬೇಕು. ಇಲ್ಲವಾದರೆ ಅಂಕಿ ಸುಳ್ಳು ಸಮಾಧಾನ ಕೊಟ್ಟೀತು.

ಹೀಗಿರುವಾಗ ಮೇಷ್ಟ್ರು ಜೇಬಿನಲ್ಲಿಟ್ಟುಕೊಂಡಿದ್ದುದು ತೀರ್ಪಲ್ಲ, ಒಂದು ಪ್ರಶ್ನೆ. ಅವರು ಅದನ್ನು ತೀರ್ಪೆಂದೇ ಓದಿಕೊಂಡಿದ್ದರು. ನಾವಾದರೋ ಅದನ್ನು ಪ್ರಶ್ನೆಯೇ ಅಲ್ಲವೆಂಬಂತೆ ತಳ್ಳಿಹಾಕಿದ್ದೆವು. ಇಬ್ಬರದೂ ತಪ್ಪೇ.

ಎರಡು ಬಗೆಯ ಕಾಯುವಿಕೆ

ಫ್ರಾನ್ಸಿನ ತತ್ತ್ವಜ್ಞಾನಿ ಬರ್ಗ್‌ಸನ್ 1907ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಸರಳ ಉದಾಹರಣೆ ಕೊಡುತ್ತಾರೆ. ಸಕ್ಕರೆ ನೀರು ಬೇಕೆಂದರೆ ಲೋಟದಲ್ಲಿನ ಸಕ್ಕರೆ ಕರಗುವ ತನಕ ಕಾಯಲೇಬೇಕು. ನಮ್ಮ ಅವಸರ ಸಕ್ಕರೆಗೆ ತಿಳಿಯದು. ಗಡಿಯಾರ ತೋರಿಸುವ ಕಾಲ ಬೇರೆ, ಕಾಯುವವನು ಅನುಭವಿಸುವ ಕಾಲ ಬೇರೆ ಎಂಬುದೇ ಅವರ ಅಭಿಪ್ರಾಯ. ತರುಣರಾಗಿದ್ದಾಗ ಇದನ್ನು ಪರೀಕ್ಷೆಗೆಂದು ಓದಿದ್ದೆವು. ಅದರ ಅರ್ಥವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಮೇಷ್ಟ್ರು ಕಾದ 104 ದಿನಗಳಲ್ಲಿ ಬಹುಪಾಲು ಈ ಸಕ್ಕರೆ ಕರಗುವ ಬಗೆಯವು. ಮೊದಲ ವರದಿ ಬಂದಾಗ ಅವರಿಗೆ ಮೂತ್ರದ ಸೋಂಕು ಇತ್ತು. ಸೋಂಕು ವಾಸಿಯಾದರೂ ಪಿ.ಎಸ್.ಎ. ಇಳಿಯಲು ವಾರಗಳೇ ಬೇಕು. ಆದ್ದರಿಂದ ವೈದ್ಯರು ಆರು ವಾರ ಬಿಟ್ಟು ಮರುಪರೀಕ್ಷೆ ಮಾಡಿಸಿದರು. ಸೆಪ್ಟೆಂಬರ್ 21ರ ಅಂಕಿ 7.6. ಹತ್ತು ದಿನಗಳ ನಂತರ ಘಟ್ಟದ ಕೆಳಗಿನ ಊರಿನಲ್ಲಿ ಮೂತ್ರರೋಗ ತಜ್ಞರ ಭೇಟಿಯಾಯಿತು. ಅವರು ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸಿದರು. ನಾಚಿಕೆಯಿಂದ ಎಷ್ಟೋ ಮಂದಿ ತಪ್ಪಿಸಿಕೊಳ್ಳುವ ಈ ಪರೀಕ್ಷೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಬಳಿಕ ಎಂ.ಆರ್.ಐ. ಆಗಬೇಕೆಂದರು. ಅದರ ಸರದಿ ಬಂದದ್ದು ದಸರಾ ರಜೆಗಳೆಲ್ಲ ಕಳೆದು, ಅಕ್ಟೋಬರ್ 22ರಂದು.

"ನೇರವಾಗಿ ಬಯಾಪ್ಸಿಯನ್ನೇ ಮಾಡಬಾರದೇ?" ಎಂದು ಮೇಷ್ಟ್ರ ಮಗ ಕೇಳಿದ್ದ. ಸಹಜವಾದ ಪ್ರಶ್ನೆ. ಬಯಾಪ್ಸಿಯಾದ ಮೇಲೆ ಗ್ರಂಥಿಯೊಳಗೆ ರಕ್ತ ನಿಂತು, ಕೆಲವು ವಾರಗಳ ಕಾಲ ಎಂ.ಆರ್.ಐ. ಚಿತ್ರ ಮಸುಕಾಗುತ್ತದೆ. ಮೇಲಾಗಿ, 11 ದೇಶಗಳ 500 ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲು ಎಂ.ಆರ್.ಐ. ಮಾಡಿಸಿಕೊಂಡವರ ಪೈಕಿ ಶೇಕಡಾ 28 ಮಂದಿಗೆ ಬಯಾಪ್ಸಿಯ ಅಗತ್ಯವೇ ಬೀಳಲಿಲ್ಲ. ಗಮನ ಕೊಡಲೇಬೇಕಾದ ಕ್ಯಾನ್ಸರ್‌ಗಳು ಕೂಡ ಈ ಕ್ರಮದಲ್ಲಿಯೇ ಹೆಚ್ಚಾಗಿ ಪತ್ತೆಯಾದವು. ಮೇಷ್ಟ್ರ ಚಿತ್ರದಲ್ಲಿ ಸಂಶಯದ ಜಾಗವೊಂದು ಕಂಡಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯದ ವೈದ್ಯರ ಒಪ್ಪಿಗೆಯ ಮೇರೆಗೆ ಕೆಲವು ದಿನ ನಿಲ್ಲಿಸಿ, ನವೆಂಬರ್ 5ರಂದು ಬಯಾಪ್ಸಿ ನಡೆಸಿದರು.

ಅನಂತರದ ಕೆಲಸ ಪ್ರಯೋಗಾಲಯದ್ದು. ಸೂಜಿಯಿಂದ ತೆಗೆದ ದಾರದಂತಹ ತುಣುಕುಗಳನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು. ಸಂದೇಹ ಉಳಿದರೆ ವಿಶೇಷ ಬಣ್ಣಗಳನ್ನು ಹಾಕಿ ಇನ್ನೊಮ್ಮೆ ನೋಡಬೇಕು. ಇಲ್ಲಿ ಅವಸರ ಮಾಡಿದರೆ ತಪ್ಪು ಉತ್ತರ ಬೇಗ ಸಿಗುತ್ತದೆ, ಅಷ್ಟೇ.

ಆದರೆ ಇನ್ನೊಂದು ಬಗೆಯ ಕಾಯುವಿಕೆಯೂ ಉಂಟು. ಹನ್ನೆರಡು ದಿನಗಳಲ್ಲಿ ವರದಿ ಬರುತ್ತದೆ, ಬಂದಾಗ ತಿಳಿಸುತ್ತೇವೆ ಎಂದಿದ್ದರು. ಹನ್ನೆರಡು ದಿನ ಕಳೆಯಿತು, ಹದಿನೈದೂ ಕಳೆಯಿತು. ಮೇಷ್ಟ್ರ ಪತ್ನಿ ಫೋನು ಮಾಡಲೇ ಎಂದು ಕೇಳಿದಾಗ, "ಅವರಿಗೇಕೆ ತೊಂದರೆ, ಸಹನೆಯಿರಲಿ" ಎಂದವರು ನಾವೇ. ಹದಿನೇಳನೆಯ ದಿನ ಆಕೆ ನಮ್ಮ ಮಾತು ಮೀರಿ ಫೋನು ಮಾಡಿದರು. ವರದಿ ಐದು ದಿನಗಳ ಹಿಂದೆಯೇ ಸಿದ್ಧವಾಗಿ ಯಾರದೋ ಮೇಜಿನ ಮೇಲೆ ಕುಳಿತಿತ್ತು.

ಈ ಐದು ದಿನ ಸಕ್ಕರೆ ಕರಗಲು ಬೇಕಾದ ಕಾಲವಲ್ಲ. ಸಕ್ಕರೆ ಕರಗಿ ನೀರು ಸಿದ್ಧವಿದ್ದರೂ ಲೋಟವನ್ನು ಎತ್ತಿ ಕೊಡುವವರಿಲ್ಲದೆ ಹೋದ ಕಾಲ. ಸಹನೆಯ ಹೆಸರಿನಲ್ಲಿ ನಾವು ಇವೆರಡನ್ನೂ ಒಂದೇ ಎಂದು ಬೋಧಿಸುತ್ತ ಬಂದಿದ್ದೇವೆ. ಸಹನೆಯೆಂದರೆ ಸುಮ್ಮನಿರುವುದಲ್ಲ. ಕೆಲಸವೇ ಬೇಡುವ ಕಾಲವನ್ನು ತಾಳಿಕೊಳ್ಳಬೇಕು. ಅಲಕ್ಷ್ಯದಿಂದ ಹೋಗುವ ಕಾಲವನ್ನು ವಿನಯದಿಂದಲೇ, ಆದರೆ ಬಿಡದೆ, ಕೇಳಿ ಪಡೆಯಬೇಕು.

ಇದಕ್ಕೆ ದೊಡ್ಡ ವಿದ್ಯೆ ಬೇಡ. ಪ್ರತಿ ಭೇಟಿಯ ಕೊನೆಗೆ ಮೂರು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ: ಉತ್ತರ ಯಾವ ದಿನ ಬರುತ್ತದೆ? ಆ ದಿನ ಬರದಿದ್ದರೆ ಯಾರಿಗೆ, ಯಾವ ನಂಬರಿಗೆ ಫೋನು ಮಾಡಬೇಕು? ಈ ನಡುವೆ ಏನಾದರೆ ಕಾಯದೆ ಬರಬೇಕು? ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರಿಗೆ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು ಅದರ ವಿಚಾರವನ್ನು ಮೊದಲೇ ಮಾಡಿಟ್ಟರೆ ಕೊನೆಗಳಿಗೆಯ ಅಲೆದಾಟ ತಪ್ಪುತ್ತದೆ. ಇಂಗ್ಲೆಂಡಿನಲ್ಲಿ, ನಮ್ಮ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುವ ಸರಕಾರಿ ಆರೋಗ್ಯ ಸೇವೆಯಲ್ಲಿ, ಕ್ಯಾನ್ಸರ್ ಸಂಶಯವಿರುವವರಿಗೆ 28 ದಿನಗಳೊಳಗೆ ಉತ್ತರ ಹೇಳಬೇಕು, 62 ದಿನಗಳೊಳಗೆ ಚಿಕಿತ್ಸೆ ಆರಂಭವಾಗಬೇಕು ಎಂಬ ಗುರಿಗಳಿವೆ. ಅಲ್ಲಿಯೂ ಅವು ಅನೇಕರ ಪಾಲಿಗೆ ಮೀರಿಹೋಗುತ್ತವೆ. ಆದರೂ ಇಂತಿಷ್ಟು ದಿನವೆಂದು ಗುರಿ ಗೊತ್ತಿದ್ದರೆ ರೋಗಿಗೆ ಕೇಳಲು ಧೈರ್ಯ ಬರುತ್ತದೆ.

ಕಾಯಬಾರದ ಹೊತ್ತು

ಕೆಲವು ಲಕ್ಷಣಗಳು ಕಂಡಾಗ ಸರದಿಗಾಗಿ ಕಾಯಲೇಬಾರದು. ಮೂತ್ರ ಪೂರ್ತಿ ಕಟ್ಟಿಹೋದರೆ, ಬಯಾಪ್ಸಿಯ ನಂತರ ಚಳಿಜ್ವರ ಬಂದರೆ, ಬೆನ್ನುನೋವಿನೊಡನೆ ಕಾಲುಗಳಲ್ಲಿ ಬಲಹೀನತೆ ಅಥವಾ ಜೋಮು ಕಾಣಿಸಿಕೊಂಡರೆ, ಮಲಮೂತ್ರಗಳ ಮೇಲೆ ಹಿಡಿತ ತಪ್ಪಿದರೆ, ರಾತ್ರಿಯೇ ಆಗಿರಲಿ, ಭಾನುವಾರವೇ ಆಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಯಾಪ್ಸಿಯ ಬಳಿಕ ಕೆಲವು ದಿನ ಮೂತ್ರದಲ್ಲಿ ಸ್ವಲ್ಪ ರಕ್ತ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಾಣಿಸುವುದು ಸಾಮಾನ್ಯ. ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ.

ಮನೆಯವರ ಪಾಲು

ಹಬ್ಬದ ದಿನ ನಾವು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ, ಇವತ್ತೇ ಮನೆಯಲ್ಲಿ ಹೇಳಿಬಿಡಿ ಎಂದು ಒತ್ತಾಯಿಸಿದ್ದು. ಮೊಮ್ಮಕ್ಕಳು ಮಲಗಿದ ಮೇಲೆ ಅವರು ಪತ್ನಿಗೆ ಹೇಳಿದರಂತೆ. ಆಕೆ ಅಳಲಿಲ್ಲ. "ಇಷ್ಟು ದಿನ ರಾತ್ರಿ ಎದ್ದು ಜಗಲಿಯಲ್ಲಿ ಕೂತದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿರಾ?" ಎಂದರಂತೆ. ಗಂಡ ಏನನ್ನೋ ಮುಚ್ಚಿಡುತ್ತಿದ್ದಾರೆಂಬುದನ್ನು ಅರಿತು, ಇದಕ್ಕಿಂತ ಘೋರವಾದದ್ದನ್ನು ಊಹಿಸಿಕೊಂಡು ಆಕೆಯೂ ಅಷ್ಟೇ ದಿನ ಒಬ್ಬರೇ ಕಾದಿದ್ದರು. ಒಂದೇ ಮಾಡಿನಡಿ ಎರಡು ಕಾಯುವಿಕೆ! ಮುಚ್ಚಿಡುವುದರಿಂದ ಮನೆಯವರ ನೋವು ತಪ್ಪುವುದಿಲ್ಲ, ಅವರಿಗೆ ಜೊತೆಯಿಲ್ಲದಂತಾಗುತ್ತದೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಕೆಲವು ರೂಢಿಗಳು ಬೆಳೆದವು. ರೋಗದ ಮಾತು ಸಂಜೆಯ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಮಾತ್ರ. ಉಳಿದ ಹೊತ್ತು ಮನೆಯ ಮಾತು. ನೆಂಟರ ಫೋನುಗಳಿಗೆ ಉತ್ತರಿಸುವ ಹೊಣೆ ಮಗಳದು. ರಾತ್ರಿ ಹತ್ತರ ಮೇಲೆ ಮೊಬೈಲಿನಲ್ಲಿ ರೋಗದ ಬಗ್ಗೆ ಹುಡುಕುವುದು ಬಂದ್. ಬೆಳಗಿನ ತೋಟದ ಕೆಲಸ ಎಂದಿನಂತೆಯೇ. ಚಿಕಿತ್ಸೆಯಾದರೆ ಮೂತ್ರದ ಹಿಡಿತ ತಪ್ಪಬಹುದೇ, ದಾಂಪತ್ಯ ಜೀವನಕ್ಕೆ ತೊಡಕಾಗಬಹುದೇ ಎಂಬ ಅಂಜಿಕೆಯನ್ನು ಗಂಡಸರು ಯಾರೊಡನೆಯೂ ಆಡುವುದಿಲ್ಲ. ಇದು ನಾಚಿಕೆಯ ವಿಷಯವಲ್ಲ. ದಂಪತಿಗಳು ಜೊತೆಯಾಗಿಯೇ ವೈದ್ಯರನ್ನು ಕೇಳಬೇಕಾದ ನ್ಯಾಯವಾದ ಪ್ರಶ್ನೆ.

ಗೆತ್ಸೆಮನೆಯ ತೋಟದಲ್ಲಿ ಪ್ರಭು ತಮ್ಮ ಶಿಷ್ಯರಿಂದ ಬಯಸಿದ್ದು ಸಮಾಧಾನದ ಮಾತುಗಳನ್ನಲ್ಲ. ತಮ್ಮೊಡನೆ ಎಚ್ಚರವಾಗಿದ್ದರೆ ಸಾಕೆಂದರು. ಅವರಾದರೋ ನಿದ್ದೆಹೋದರು. "ಏನೂ ಆಗುವುದಿಲ್ಲ" ಎಂಬ ನಮ್ಮ ಮಾತೂ ಒಂದು ಬಗೆಯ ನಿದ್ದೆಯೇ ಎಂದು ಈಗ ನಮಗೆ ಅನ್ನಿಸುತ್ತದೆ. ಎದುರಿನವರ ಭಯವನ್ನು ನೋಡಲಾರದೆ ನಾವು ಕಣ್ಣು ಮುಚ್ಚಿಕೊಂಡಿದ್ದೆವು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಮಾಧಿಗಳನ್ನು ಆಶೀರ್ವದಿಸುತ್ತ ಹೋಗುವಾಗ ಮೇಷ್ಟ್ರು ತಮ್ಮ ತಂದೆಯ ಸಮಾಧಿಯ ಬಳಿ ನಿಂತಿದ್ದರು. ಬಯಾಪ್ಸಿಗೆ ಮೂರು ದಿನವಿತ್ತು. ನಾವು ಏನೂ ಹೇಳಲಿಲ್ಲ. ಮೇಣದ ಬತ್ತಿ ಉರಿದು ಮುಗಿಯುವ ತನಕ ಪಕ್ಕದಲ್ಲಿ ನಿಂತೆವು. ಅಂದು ಅವರಿಗೆ ಸ್ವಲ್ಪ ನಿದ್ದೆ ಬಂದಿತೆಂದು ಆಮೇಲೆ ಹೇಳಿದರು.

ಉತ್ತರ ಬಂದ ಮೇಲೆ

ವರದಿಯಲ್ಲಿ ಕ್ಯಾನ್ಸರ್ ಇತ್ತು. ಗ್ಲೀಸನ್ ಅಂಕ 6. ಜೀವಕೋಶಗಳ ಉಗ್ರತೆಯನ್ನು ಅಳೆಯುವ, ಇಂದು 6ರಿಂದ 10ರವರೆಗೆ ಬಳಕೆಯಲ್ಲಿರುವ ಈ ಮಾಪನದಲ್ಲಿ ಅದು ಅತ್ಯಂತ ಸೌಮ್ಯವಾದದ್ದು. ಈಗಲೇ ಶಸ್ತ್ರಚಿಕಿತ್ಸೆ ಬೇಡ, ನಿಗಾ ಇಡೋಣ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಗೊತ್ತಾದ ಕಾಲಕ್ಕೆ ಎಂ.ಆರ್.ಐ., ಬೇಕಾದರೆ ಮತ್ತೆ ಬಯಾಪ್ಸಿ ಎಂದರು ವೈದ್ಯರು. "ಅಂದರೆ ಇನ್ನೂ ಕಾಯುವುದೇ?" ಎಂದು ಮೇಷ್ಟ್ರು ನಕ್ಕರಂತೆ.

ಇದು ಕೈಚೆಲ್ಲುವುದಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯ ಆಚೆಗೆ ಹರಡದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪುಗಳಾಗಿ ಮಾಡಿ ಸುಮಾರು 15 ವರ್ಷ ಗಮನಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ರೋಗದಿಂದಲೇ ತೀರಿಕೊಂಡವರು ಒಟ್ಟು 45 ಮಂದಿ, ಎಂದರೆ ನೂರಕ್ಕೆ ಮೂವರಿಗಿಂತ ಕಡಿಮೆ. ಮೂರು ಗುಂಪುಗಳಲ್ಲಿಯೂ ಆ ಪ್ರಮಾಣ ಹೆಚ್ಚುಕಡಿಮೆ ಒಂದೇ. ನಿಗಾ ಗುಂಪಿನಲ್ಲಿ ರೋಗ ಹರಡಿದ್ದು ಉಳಿದವರಿಗಿಂತ ಹೆಚ್ಚು ಮಂದಿಗೆ ಎಂಬುದೂ ನಿಜ. ಆದ್ದರಿಂದಲೇ ಗೊತ್ತಾದ ದಿನದ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಉಗ್ರ ಬಗೆಯ ಅಥವಾ ಹರಡಿದ ಕ್ಯಾನ್ಸರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಚಿಕಿತ್ಸೆಯನ್ನು ತಡಮಾಡಬಾರದು. ಗ್ರಂಥಿಯೊಳಗೇ ಇರುವ ಸೌಮ್ಯ ರೋಗಕ್ಕೆ, ಸರಿಯಾದ ಉತ್ತರಕ್ಕಾಗಿ ಕಳೆದ ಕೆಲವು ವಾರಗಳು ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲವೆಂಬುದು ಕಾಯುವವರಿಗೆ ತಿಳಿದಿರಲಿ.

ಮೇಷ್ಟ್ರ ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ಅವರ ಪತ್ನಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಾರೆ. ಕೆಳಗೆ ಆಸ್ಪತ್ರೆಯ ಫೋನ್ ನಂಬರೂ ಇದೆ. ಏನೂ ಆಗುವುದಿಲ್ಲವೆಂದು ನಾವೀಗ ಯಾರಿಗೂ ಹೇಳುವುದಿಲ್ಲ. "ಯಾವ ದಿನ ಹೋಗಬೇಕು ಮೇಷ್ಟ್ರೇ? ನಾವೂ ಬರುತ್ತೇವೆ" ಎನ್ನುತ್ತೇವೆ.